ಗೋಪುರದ ಅಜ್ಜಿಗೆ ಒಬ್ಬ ಮೊಮ್ಮಗಳು: ನಾನು ಫ್ಯಾಂಟಸಿ ಕಾದಂಬರಿ ಬರೆದ ಬಗೆ

ಹದಿಹರೆಯದವರಿಗಾಗಿ ಫ್ಯಾಂಟಸಿ ಕಾದಂಬರಿ ಬರೆಯಲು ನಾನು ಆರಿಸಿಕೊಂಡದ್ದು ನಿದ್ರಾಸುಂದರಿಯ ಕಥೆಯನ್ನು. ಶಾಪಕ್ಕೆ ಸಿಕ್ಕ ರಾಜಕುಮಾರಿ ಗೋಪುರದ ಮುದುಕಿಯೊಬ್ಬಳ ಕದಿರು (ನೂಲುವ ಕಡ್ಡಿ) ಚುಚ್ಚಿಕೊಂಡು, ಮುಳ್ಳುಬೇಲಿ ಸುತ್ತಿಕೊಂಡ ಅರಮನೆಯಲ್ಲಿ ಎಲ್ಲರ ಜೊತೆ ನೂರು ವರ್ಷ ಮಲಗಿಬಿಡುವ ಕಥೆ ಅದು. ತೊಡಕು ಅಲ್ಲೇ ಇತ್ತು. ಕೊನೆ ಎಲ್ಲರಿಗೂ ಗೊತ್ತಿರುವ ಕಥೆಯನ್ನು ಮತ್ತೆ ಯಾಕೆ ಓದಬೇಕು, ಅಲ್ವಾ?

ಮೊದಲು ಹಳೇ ರೂಪಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಇಟಲಿಯ ಕಥೆಗಾರ ಬಸಿಲೆಯದು 1634-36ರಲ್ಲಿ ಅಚ್ಚಾದ ಸಂಗ್ರಹದಲ್ಲಿದೆ. ಫ್ರಾನ್ಸಿನ ಪೆರೋನ ಪುಸ್ತಕ 1697ರದ್ದು. ಜರ್ಮನಿಯ ಗ್ರಿಮ್ ಸೋದರರದು 1812. ಮೂರರಲ್ಲೂ ಹುಡುಗಿ ಏಳುವ ರೀತಿ ಬೇರೆ ಬೇರೆ. ಗ್ರಿಮ್ ಕಥೆಯಲ್ಲಿ ಮುತ್ತು. ಪೆರೋನಲ್ಲಿ ರಾಜಕುಮಾರ ಪಕ್ಕದಲ್ಲಿ ಮಂಡಿಯೂರುತ್ತಾನೆ, ಅವಳು ತಾನೇ ಏಳುತ್ತಾಳೆ. ಬಸಿಲೆಯಲ್ಲಿ ಬೆರಳಿಗೆ ಚುಚ್ಚಿಕೊಂಡಿದ್ದ ಅಗಸೆ ನಾರಿನ ಸಿಬಿರನ್ನು ಮಗುವೊಂದು ಚೀಪಿ ತೆಗೆಯುತ್ತದೆ. ಬಸಿಲೆಯ ಕಥೆ ದೊಡ್ಡವರಿಗೂ ಓದಲು ಹಿಂಸೆ. ಆದರೆ ಆ ಸಿಬಿರು ನನಗೆ ಬೇಕಿತ್ತು. ಮಲಗಿದವಳಿಗೆ ಮುತ್ತಿಡುವ ಅಪರಿಚಿತನನ್ನು ಕೈಬಿಡಲು ಅದು ಸಾಕಾಯಿತು.

ನಾನು ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಗ್ರಿಮ್ ಕಥೆಯ ಒಂದು ಸಾಲಿನಲ್ಲಿ. ಶಾಪಕ್ಕೆ ಹೆದರಿ ರಾಜ ರಾಜ್ಯದ ಕದಿರುಗಳನ್ನೆಲ್ಲ ಸುಡಿಸುತ್ತಾನೆ. ಕಥೆ ಅಲ್ಲಿಂದ ಸುಮ್ನೆ ಮುಂದೆ ಹೋಗಿಬಿಡುತ್ತದೆ. ಹಾಗಾದರೆ ಹುಡುಗಿಗೆ ಹದಿನೈದು ತುಂಬುವವರೆಗೆ ಜನ ಉಟ್ಟದ್ದೇನು? ಆ ಕಾಲದಲ್ಲಿ ಒಂದು ಮಗ್ಗಕ್ಕೆ ನೂಲು ಒದಗಿಸಲು ಹಲವರು ನೂಲಬೇಕಿತ್ತು. ಹೆಚ್ಚಿನವರು ಹೆಂಗಸರು. ರಾಜನ ಒಂದು ಅಪ್ಪಣೆಗೆ ಅವರೆಲ್ಲರ ಅನ್ನ ಹೋಯಿತು. ಕದ್ದು ನೂಲುವವರು, ಗಡಿಯಾಚೆಯಿಂದ ನೂಲು ಸಾಗಿಸುವವರು, ಹಿಡಿದುಕೊಡುವವರು ಎಲ್ಲ ಹುಟ್ಟಿಕೊಂಡಿರಲೇಬೇಕು. ನನ್ನ ಲೋಕ ಅಲ್ಲೇ ಸಿಕ್ಕಿತು.

ಇನ್ನು ಗೋಪುರದಲ್ಲಿ ನೂಲುತ್ತಿದ್ದ ಮುದುಕಿ. ಪೆರೋನ ಪ್ರಕಾರ ಅವಳಿಗೆ ನಿಷೇಧದ ಸುದ್ದಿಯೇ ತಲುಪಿರಲಿಲ್ಲ. ಹುಡುಗಿ ಬಿದ್ದಾಗ ಸಹಾಯಕ್ಕೆ ಕೂಗಿಕೊಳ್ಳುವವಳೂ ಅವಳೇ. ಆಮೇಲೆ ಅವಳೇನಾದಳು ಅಂತ ಯಾರೂ ಕೇಳುವುದಿಲ್ಲ. ನಾನು ಅವಳಿಗೊಬ್ಬ ಹದಿನಾರರ ಮೊಮ್ಮಗಳನ್ನು ಕೊಟ್ಟೆ. ಅಜ್ಜಿಗೆ ಕದ್ದುಮುಚ್ಚಿ ನಾರು ತಂದುಕೊಡುತ್ತಿದ್ದವಳು ಇವಳೇ. ಅಂದರೆ ಆ ಸಿಬಿರೂ ಇವಳು ತಂದದ್ದೇ. ಅದನ್ನು ಕೀಳುವುದೂ ಇವಳ ತಲೆಗೇ ಬಂತು.

ಮಾಂತ್ರಿಕತೆಗೆ ಒಂದೇ ನಿಯಮ ಇಟ್ಟೆ. ನಾಯಕಿ ಮುಳ್ಳುಬೇಲಿ ದಾಟಿ ಒಳಗೆ ಹೋಗಬಹುದು. ಆದರೆ ಒಳಗೆ ಒಂದು ರಾತ್ರಿ ಕಳೆದರೆ ಹೊರಗೆ ವರ್ಷಗಳೇ ಕಳೆದಿರುತ್ತವೆ. ಹೀಗೆ ಮಾಡಿದ ಮೇಲೆ ನೂರು ವರ್ಷ ಅನ್ನುವುದಕ್ಕೆ ಬೆಲೆ ಬಂತು. ಅವಳ ಜೊತೆಯವಳು ಒಮ್ಮೆ ಮದುವಣಗಿತ್ತಿ, ಮುಂದಿನ ಸಲ ತಾಯಿ, ಆಮೇಲೆ ಹಲ್ಲಿಲ್ಲದ ಅಜ್ಜಿ. ಈ ಗೆಳತಿಯರ ಅಧ್ಯಾಯಗಳನ್ನೇ ನಾನು ಜಾಸ್ತಿ ತಿದ್ದಿದ್ದು. ಯುದ್ಧದ ದೃಶ್ಯಗಳು ಬೇಗ ಮುಗಿದವು. ನನಗೆ ಅವು ಅಷ್ಟಕ್ಕಷ್ಟೇ.

ಕರಡನ್ನು ಅಕ್ಕನ ಮಗಳಿಗೆ ಕೊಟ್ಟೆ. "ಚಿಕ್ಕಮ್ಮ, ರಾಜಕುಮಾರ ಏನೂ ಮಾಡಲ್ವಲ್ಲ!" ಅಂದಳು. ಗ್ರಿಮ್ ಕಥೆಯಲ್ಲೂ ಅಷ್ಟೇ ಕಣೇ ಅಂದೆ. ಅವನಿಗಿಂತ ಮುಂಚೆ ಬಂದವರು ಪಾಪ, ಮುಳ್ಳಿಗೆ ಸಿಕ್ಕಿ ಸತ್ತಿದ್ದರು. ಇವನು ಬಂದ ದಿನ ನೂರು ವರ್ಷ ತುಂಬಿತ್ತು, ಬೇಲಿ ತಾನಾಗಿ ದಾರಿ ಬಿಟ್ಟಿತು. ನನ್ನ ಕಾದಂಬರಿಯಲ್ಲೂ ಅವನು ಹಾಗೇ ಬರುತ್ತಾನೆ, ಎಲ್ಲ ಮುಗಿದ ಮೇಲೆ.

ಗ್ರಿಮ್ ಕಥೆಯ ಅಡುಗೆಮನೆಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅಡುಗೆಯವನು ಕೆಲಸದ ಹುಡುಗನ ಮೇಲೆ ಕೈ ಮಾಡಲು ಹೋದವನು ಹಾಗೇ ನಿದ್ದೆ ಹೋಗುತ್ತಾನೆ. ಎದ್ದ ಕೂಡಲೇ ಕಪಾಳಕ್ಕೆ ಬಾರಿಸುತ್ತಾನೆ. ನನ್ನ ನಾಯಕಿ ಒಳಗೆ ಹೋದಾಗಲೆಲ್ಲ ಆ ಹುಡುಗನನ್ನು ಒಂದು ಗೇಣು ದೂರ ಸರಿಸಿ ಬರುತ್ತಾಳೆ. ನೂರು ವರ್ಷ ಕಾದ ಏಟು ಬರೀ ಗಾಳಿಗೆ ಬೀಳುತ್ತದೆ.