ಒಂದು ‘ನ್ಯೂ’ ಮಾಡಿದ ಕಿತಾಪತಿ

ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜದ ಫ್ಯಾಕ್ಟರಿ ಉಂಟು. ಮೊದಲೆಲ್ಲ ಮುಂಬೈ, ದೆಹಲಿ ಕಡೆಯ ವ್ಯಾಪಾರಿಗಳಿಗೆ ಮಾತ್ರ ಮಾಲು ಕಳಿಸುತ್ತಿದ್ದೆ. ದುಬೈಯ ಪಾರ್ಟಿಯೊಬ್ಬರು ಒಂದು ಕಂಟೇನರ್ ಡಬ್ಲ್ಯು 320 ಗ್ರೇಡಿನ ಬೀಜ ಬೇಕು ಅಂದಾಗ ಬೀಜದ ಬಗ್ಗೆ ನನಗೇನೂ ಹೆದರಿಕೆ ಇರಲಿಲ್ಲ, ಇದ್ದದ್ದು ಕಾಗದಪತ್ರದ್ದು.

ಐಇಸಿ, ಅಂದರೆ ರಫ್ತು ಮಾಡುವವರ ನೋಂದಣಿ ನಂಬರು, ಸುಲಭ. ನಿಮ್ಮ ಪ್ಯಾನ್ ನಂಬರೇ ಅದರ ನಂಬರ್, ಆನ್‌ಲೈನಲ್ಲಿ 500 ರೂಪಾಯಿ ಕಟ್ಟಿದರೆ ಆಯಿತು. ಆದರೆ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಮಾಹಿತಿ ಸರಿ ಇದೆ ಅಂತ ದೃಢಪಡಿಸಬೇಕು, ಮರೆಯಬೇಡಿ. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಬೇಕು, ಅದೂ ಪ್ರತಿ ಹಣಕಾಸು ವರ್ಷಕ್ಕೆ ಹೊಸದು.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್. ಬೀಜದ ಟಿನ್ನು ಇನ್ನೂ ಹಳೇ ಪೌಂಡಿನ ಲೆಕ್ಕದ್ದೇ. 25 ಪೌಂಡ್, ಅಂದರೆ 11.34 ಕೆಜಿ. ಪೆಟ್ಟಿಗೆಗೆ ಎರಡು ಟಿನ್, 22.68 ಕೆಜಿ. 20 ಅಡಿ ಕಂಟೇನರಿಗೆ 700 ಪೆಟ್ಟಿಗೆ ಹಾಕಿದರೆ 15,876 ಕೆಜಿ. ನಾನು ಪುಣ್ಯಾತ್ಮ ಪ್ಯಾಕಿಂಗ್ ಲಿಸ್ಟಲ್ಲಿ ಸುಮ್ನೆ 22.7 ಅಂತ ಬರೆದಿದ್ದೆ. ನಮ್ಮ ಸಿಎಚ್‌ಎ, ಅಂದರೆ ಕಸ್ಟಮ್ಸ್ ಕೆಲಸ ಮಾಡಿಸಿಕೊಡುವ ಏಜೆಂಟರು, ಅದನ್ನು ನೋಡಿ, “ಇದರ ಪ್ರಕಾರ 15,890 ಆಗ್ತದೆ ಮಾರಾಯ್ರೆ, ಇನ್‌ವಾಯ್ಸಲ್ಲಿ ಬೇರೆ ಉಂಟು. ಈ 14 ಕೆಜಿ ಎಲ್ಲಿಂದ ಬಂತು ಅಂತ ಕಸ್ಟಮ್ಸಿನವರು ಕೇಳಿದ್ರೆ ಎಂತ ಹೇಳ್ತೀರಿ?” ಅಂದರು. ಅವತ್ತೇ ಒಂದು ಎಕ್ಸೆಲ್ ಶೀಟ್ ಮಾಡಿದೆ. ಹೆಸರು, ವಿಳಾಸ, ಎಚ್‌ಎಸ್ ಕೋಡ್ (ಮಾಲು ಯಾವುದು ಅಂತ ಕಸ್ಟಮ್ಸ್ ಗುರುತಿಸುವ ಸಂಖ್ಯೆ), ತೂಕ, ಪೆಟ್ಟಿಗೆಯ ಮೇಲಿನ ಗುರುತು ಎಲ್ಲ ಅದರಲ್ಲಿ. ಕಸ್ಟಮ್ಸಿಗೆ ಕೊಡುವ ಶಿಪ್ಪಿಂಗ್ ಬಿಲ್ಲಿಗಾಗಲಿ, ಮಾಲಿನಲ್ಲಿ ಕೀಟ, ರೋಗ ಇಲ್ಲ ಅನ್ನುವ ಫೈಟೊ ಸರ್ಟಿಫಿಕೇಟಿಗಾಗಲಿ, ಮಾಲು ಯಾವ ದೇಶದ್ದು ಅಂತ ಹೇಳುವ ಸರ್ಟಿಫಿಕೇಟ್ ಆಫ್ ಒರಿಜಿನ್ನಿಗಾಗಲಿ ಅಲ್ಲಿಂದಲೇ ಕಾಪಿ ಮಾಡುವುದು, ಕೈಯಲ್ಲಿ ಮತ್ತೆ ಟೈಪ್ ಮಾಡುವುದೇ ಇಲ್ಲ. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಹಾಗಾಗಿ ಆ ಒಪ್ಪಂದದ ಸರ್ಟಿಫಿಕೇಟೇ ಬೇಕಾ ಅಂತ ಪಾರ್ಟಿಯನ್ನು ಮೊದಲೇ ಕೇಳಿಕೊಳ್ಳಿ. ಫೈಟೊಗೆ ಕಂಟೇನರ್ ತುಂಬುವ ಮುಂಚೆಯೇ ಅರ್ಜಿ ಹಾಕಬೇಕು. ಸೀಲ್ ಹಾಕಿದ ಮೇಲೆ ತಪಾಸಣೆಯವರಿಗೆ ಮಾಲು ತೋರಿಸುವುದು ಹೇಗೆ, ಅಲ್ವಾ?

ಪಣಂಬೂರಿನ ಹೊಸ ಮಂಗಳೂರು ಬಂದರಿನಿಂದ ಹಡಗು ಹೊರಟಿತು. ಎಲ್ಲ ಮುಗಿಯಿತು ಅಂತ ನಾನು ನೆಮ್ಮದಿಯಾಗಿ ಮಲಗಿದೆ.

ಆಮೇಲೆ ದುಬೈ ಬ್ಯಾಂಕಿನಿಂದ ಡಿಸ್ಕ್ರಿಪೆನ್ಸಿ, ಅಂದರೆ ಕಾಗದಗಳಲ್ಲಿ ವ್ಯತ್ಯಾಸ ಉಂಟು, ಅಂತ ಬಂತು. ಎಲ್‌ಸಿ ಅಂದರೆ ಕಾಗದ ಸರಿ ಇದ್ದರೆ ಹಣ ಕೊಡುತ್ತೇವೆ ಅಂತ ಪಾರ್ಟಿಯ ಬ್ಯಾಂಕು ಕೊಡುವ ಪತ್ರ. ಅದರಲ್ಲಿ ಲೋಡಿಂಗ್ ಬಂದರು ‘ಮ್ಯಾಂಗಲೋರ್’, ಹಡಗಿನ ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗಲ್ಲಿ ‘ನ್ಯೂ ಮ್ಯಾಂಗಲೋರ್’. ನಮಗೆ ಹಳೇ ಬಂದರು ಅಂದರೆ ಮೀನಿನ ದೋಣಿ, ಕಂಟೇನರ್ ಹೋಗುವುದು ಪಣಂಬೂರಿನಿಂದ ಅಂತ ಮಕ್ಕಳಿಗೂ ಗೊತ್ತು. ದುಬೈಯಲ್ಲಿ ಕೂತು ಕಾಗದ ನೋಡುವವನಿಗೆ ಅದೆಲ್ಲ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅವನಿಗೆ ಬೇಕಿಲ್ಲ, ಯಾಕೆಂದರೆ ಎಲ್‌ಸಿಯಲ್ಲಿ ಬ್ಯಾಂಕು ನೋಡುವುದು ಕಾಗದವನ್ನು ಮಾತ್ರ, ಮಾಲನ್ನು ಅಲ್ಲ. ಪಾರ್ಟಿ ಒಳ್ಳೆಯವರು, ಪರವಾಗಿಲ್ಲ ಅಂತ ಬರೆದು ಕೊಟ್ಟರು. ಬೀಜದ ರೇಟು ಬಿದ್ದಿದ್ದರೆ ಇದೇ ನೆಪದಲ್ಲಿ ಬೆಲೆ ಇಳಿಸಿ ಅನ್ನುವವರೂ ಇದ್ದಾರೆ. ಬ್ಯಾಂಕಿನ ದಂಡದ ಫೀಸು ಮಾತ್ರ ನನ್ನ ದುಡ್ಡಿನಿಂದಲೇ ಹೋಯಿತು.

ಈಗ ಎಲ್‌ಸಿ ತೆರೆಯುವ ಮುಂಚೆಯೇ ಅದರ ಡ್ರಾಫ್ಟ್ ತರಿಸಿ, ಪೆನ್ಸಿಲ್ ಹಿಡಿದು ಸಾಲು ಸಾಲು ಓದುತ್ತೇನೆ. ಬಂದರಿನ ಜಾಗದಲ್ಲಿ ‘ಭಾರತದ ಯಾವುದೇ ಬಂದರು’ ಅಂತ ಹಾಕಿಸುತ್ತೇನೆ. ಕಾಗದ ಸಲ್ಲಿಸಲು ಎಷ್ಟು ದಿನ ಅಂತಲೂ ನೋಡುತ್ತೇನೆ, ಏನೂ ಬರೆಯದಿದ್ದರೆ ಹಡಗಿಗೆ ಹಾಕಿದ ಮೇಲೆ 21 ದಿನ.

ಎರಡನೇ ಕಂಟೇನರಿಗೆ ಇಲ್ಲಿ ಸಮಯಕ್ಕೆ ಹಡಗು ಸಿಗಲಿಲ್ಲ, ಕೊಚ್ಚಿಗೆ ಕಳಿಸಿದೆವು. ಎಲ್‌ಸಿ ತಕರಾರು ಮಾಡಲಿಲ್ಲ. ಆದರೆ ನನ್ನ ಬ್ಯಾಂಕಿನ ಎಡಿ ಕೋಡ್, ಅಂದರೆ ರಫ್ತಿನ ಹಣ ಯಾವ ಬ್ಯಾಂಕಿಗೆ ಬರುತ್ತದೆ ಅಂತ ಕಸ್ಟಮ್ಸಿಗೆ ತಿಳಿಸುವ ನಂಬರು, ಆಗ ಮಂಗಳೂರಿನಲ್ಲಿ ಮಾತ್ರ ನೋಂದಣಿ ಆಗಿತ್ತು, ಕೊಚ್ಚಿಯಲ್ಲಿ ಇರಲಿಲ್ಲ. ಲಾರಿ ಎರಡು ದಿನ ಅಲ್ಲೇ ನಿಂತಿತು.