ಮಿಲಾನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಕಾಗದ, ಮನೆ, ಅಡುಗೆಮನೆ

ಬಂದಿಳಿದ ಮೊದಲ ವಾರ ದುವೋಮೊ ಚರ್ಚು ನೋಡಲು ಹೋಗಬೇಡಿ, ಅಂಚೆ ಕಚೇರಿಗೆ ಹೋಗಿ. ಓದಲು ಬಂದವರು ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ, ಇಲ್ಲಿನವರ ಬಾಯಲ್ಲಿ ಪೆರ್ಮೆಸ್ಸೊಗೆ, ಅರ್ಜಿ ಹಾಕಲೇಬೇಕು. ಕೆಲಸದ ವೀಸಾದವರ ದಾರಿ ಬೇರೆ. ಅದನ್ನು ಕಂಪನಿಯವರ ಹತ್ತಿರ ವಿಮಾನ ಹತ್ತುವ ಮೊದಲೇ ಕೇಳಿಕೊಳ್ಳಿ.

‘ಸ್ಪೋರ್ತೆಲ್ಲೊ ಅಮಿಕೊ’ ಕೌಂಟರ್ ಇರುವ ಅಂಚೆ ಕಚೇರಿಯಲ್ಲಿ ‘ಕಿಟ್’ ಅಂದರೆ ಸಾಕು, ಅರ್ಜಿಯ ಲಕೋಟೆ ಪುಕ್ಕಟೆ ಕೊಡುತ್ತಾರೆ. ಕಪ್ಪು ಶಾಯಿಯಲ್ಲಿ, ದೊಡ್ಡಕ್ಷರದಲ್ಲಿ ತುಂಬಿ. 16 ಯೂರೋ ರೆವಿನ್ಯೂ ಸ್ಟ್ಯಾಂಪ್ ಬೇಕು, ಅದನ್ನು ಸಿಗರೇಟು ಮಾರುವ ತಬಾಕ್ಕಿ ಅಂಗಡಿಯಲ್ಲಿ ಮೊದಲೇ ಕೊಂಡಿಟ್ಟುಕೊಳ್ಳಿ. ಕೌಂಟರಿನಲ್ಲಿ 30 ಯೂರೋ, ಒಂದು ವರ್ಷದ ವಿದ್ಯಾರ್ಥಿ ಕಾರ್ಡಿಗೆ ಇನ್ನೂ 70.46 ಯೂರೋ ಕಟ್ಟಬೇಕು. ಲಕೋಟೆ ಅಂಟಿಸಿಕೊಂಡು ಹೋಗಬೇಡಿ, ಅವರು ಒಳಗಿನದನ್ನು ನೋಡಿದ ಮೇಲೆಯೇ ಮುಚ್ಚುವುದು. ಪಾಸ್‌ಪೋರ್ಟಿನ ಅಸಲು ಪ್ರತಿ ಕೈಯಲ್ಲಿರಲಿ.

ಕಾರ್ಡು ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಅಂಚೆಯವರು ಕೊಟ್ಟ ರಸೀದಿಯೇ ನಿಮ್ಮ ಪರವಾನಗಿ. ಇಲ್ಲೊಂದು ಕೊಕ್ಕೆ ಇದೆ. ವೀಸಾ ಮುಗಿದು ಬರೀ ರಸೀದಿ ಇರುವಾಗ ಊರಿಗೆ ಹೋಗಿಬರುವುದಾದರೆ ಫ್ರಾಂಕ್‌ಫರ್ಟ್, ಪ್ಯಾರಿಸ್ ಮಾರ್ಗದ ಟಿಕೆಟ್ ಬೇಡವೇ ಬೇಡ. ಬೇರೆ ಶೆಂಗೆನ್ ದೇಶಗಳು ಆ ರಸೀದಿಯನ್ನು ಒಪ್ಪುವುದಿಲ್ಲ, ನೂರು ಯೂರೋ ಉಳಿಸಲು ಹೋಗಿ ವಿಮಾನವೇ ತಪ್ಪೀತು. ದೋಹಾ, ದುಬೈ ಮಾರ್ಗ ಹಿಡಿಯಿರಿ.

ನಮ್ಮವರಿಗೆ ಹೆಚ್ಚು ತಲೆನೋವು ಕೊಡುವುದು ಹೆಸರು. ಇನಿಷಿಯಲ್ ಮಾತ್ರ ಇದ್ದವರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರು ನಮ್ಮಲ್ಲಿ ಬಹಳ. ಇಲ್ಲಿ ತೆರಿಗೆ ಸಂಖ್ಯೆ ‘ಕೋದಿಚೆ ಫಿಸ್ಕಾಲೆ’ ಹುಟ್ಟುವುದೇ ಹೆಸರಿನಿಂದ. 16 ಅಕ್ಷರ-ಅಂಕಿಗಳಲ್ಲಿ ಮೊದಲ ಮೂರು ಸರ್‌ನೇಮಿನಿಂದ, ಮುಂದಿನ ಮೂರು ಹೆಸರಿನಿಂದ. ಆಮೇಲೆ ಹುಟ್ಟಿದ ವರ್ಷ, ತಿಂಗಳು, ದಿನ (ಹೆಂಗಸರಿಗೆ ದಿನಕ್ಕೆ 40 ಕೂಡಿಸುತ್ತಾರೆ). ನಂತರ ಭಾರತದ ಸಂಕೇತ ಝಡ್‌222, ಮೈಸೂರಾದರೂ ಹುಬ್ಬಳ್ಳಿಯಾದರೂ ಅದೇ. ಕೊನೆಯದು ತಾಳೆ ನೋಡುವ ಅಕ್ಷರ. ಒಂದು ಕಚೇರಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ, ಇನ್ನೊಂದು ಅದನ್ನು ಬಿಟ್ಟರೆ, ಒಬ್ಬರಿಗೇ ಎರಡು ಸಂಖ್ಯೆ. ಆಗ ಬ್ಯಾಂಕು, ಸಿಮ್, ಸಂಬಳ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಸಿ, ಕೌಂಟರ್ ಬಿಡುವ ಮೊದಲು ಅಕ್ಷರ ಅಕ್ಷರ ಓದಿ ನೋಡಿ. ಈ ಸಂಖ್ಯೆಗೆ ಶುಲ್ಕವಿಲ್ಲ, ದುಡ್ಡು ಕೇಳುವ ಏಜೆಂಟರನ್ನು ದೂರವಿಡಿ.

ಮನೆ ಕಷ್ಟ, ಬಾಡಿಗೆ ದುಬಾರಿ. ಆದರೂ ‘ನಗದು ಕೊಡಿ, ಕರಾರು ಬೇಡ’ ಎನ್ನುವ ಮಾಲೀಕರಿಗೆ ಒಪ್ಪಬೇಡಿ. ಕರಾರು ಆದ 30 ದಿನಗಳೊಳಗೆ ಅದು ತೆರಿಗೆ ಇಲಾಖೆಯಲ್ಲಿ ನೋಂದಣಿಯಾಗಬೇಕು, ನೀವು ಬಂದಿರುವುದನ್ನು ಮಾಲೀಕರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಈ ಕಾಗದಗಳಿಲ್ಲದಿದ್ದರೆ ನಗರಸಭೆಯಲ್ಲಿ ವಿಳಾಸ ಬರೆಸಲು ಹೋದಾಗ ವಾಪಸ್ ಕಳಿಸುತ್ತಾರೆ. ಡಿಪಾಸಿಟ್ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಬಾಡಿಗೆಯ ಪಕ್ಕದಲ್ಲಿ ‘ಸ್ಪೇಸೆ’ ಎಂದು ಬರೆದಿದ್ದರೆ ಅದು ಮೇಂಟೆನೆನ್ಸ್. ಅದರಲ್ಲಿ ಹೀಟಿಂಗ್ ಸೇರಿದೆಯೇ ಎಂದು ಕೇಳದೆ ಸಹಿ ಹಾಕಬೇಡಿ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ಅದು ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ ಮಾತ್ರ ಉರಿಯುತ್ತದೆ.

ಪಾಲಿತೆಕ್ನಿಕೊ ವಿಶ್ವವಿದ್ಯಾಲಯದ ಲಿಯೊನಾರ್ದೊ ಕ್ಯಾಂಪಸ್ಸಿಗೆ ಲಂಬ್ರಾತೆ ಬಡಾವಣೆ ಹತ್ತಿರ. ಅಲ್ಲಿ ಸಿಗದಿದ್ದರೆ ಕೆಂಪು ಮೆಟ್ರೋದಲ್ಲಿರುವ ಸೆಸ್ತೊ ಸಾನ್ ಜೊವಾನ್ನಿ ನೋಡಿ. ಊರು ಬೇರೆಯಾದರೂ ನಗರದ ಪಾಸೇ ನಡೆಯುತ್ತದೆ. 27ರೊಳಗಿನವರಿಗೆ ಪಾಸ್ ಅಗ್ಗ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸದೆ ಹತ್ತಿದರೆ ದಂಡ.

ಸಸ್ಯಾಹಾರಿಗಳು ಹುಷಾರಾಗಿರಬೇಕು. ಪಾರ್ಮಿಜಾನೊ, ಗ್ರಾನಾ ಪದಾನೊ ಚೀಸ್‌ಗೆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯ ರೆನ್ನೆಟ್. ಹಳದಿ ಬಣ್ಣದ ಮಿಲಾನೀಸ್ ರಿಸೊತ್ತೊ ನೋಡಲು ಕೇಸರಿ ಅನ್ನ, ಒಳಗೆ ಮೂಳೆಯ ಮಜ್ಜೆ, ಮಾಂಸದ ಸಾರು. ಪ್ಯಾಕೆಟ್ ಮೇಲೆ ‘ಸ್ತ್ರುತ್ತೊ’ ಎಂದಿದ್ದರೆ ಹಂದಿ ಕೊಬ್ಬು. ಪಿಯದೀನಾ ರೊಟ್ಟಿಯಲ್ಲಿ, ಕೆಲವು ಫೊಕಾಚ್ಚಾ ಬ್ರೆಡ್ಡಿನಲ್ಲಿ ಅದು ಇರುತ್ತದೆ. ಹೋಟೆಲಲ್ಲಿ ‘ವೆಜಿಟೇರಿಯನ್’ ಅಂದರೆ ಸಾಲದು, ‘ಸೆನ್ಸಾ ಬ್ರೋದೊ ದಿ ಕಾರ್ನೆ’ ಎಂದು ಸೇರಿಸಿ, ಮಾಂಸದ ಸಾರು ಬೇಡ ಎಂಬುದು ಆಗ ಗೊತ್ತಾಗುತ್ತದೆ.

ಬೇಳೆ, ಮಸಾಲೆಗೆ ವಿಯಾ ಪಾದೊವಾ ರಸ್ತೆಯ ಅಂಗಡಿಗಳಿವೆ. ಉಳಿದದ್ದು ಸೂಪರ್‌ಮಾರ್ಕೆಟ್ಟಿನಲ್ಲೇ. ಉಪ್ಪಿಟ್ಟಿಗೆ ‘ಸೆಮೊಲೀನೊ’ ರವೆ ತನ್ನಿ. ‘ಸೆಮೊಲಾ ರಿಮಾಚಿನಾತಾ’ ಹಿಟ್ಟಿನಷ್ಟು ನುಣುಪು, ಉಪ್ಪಿಟ್ಟು ಅಂಟಾಗುತ್ತದೆ. ‘ಪಾರ್‌ಬಾಯಿಲ್ಡ್’ ಅಕ್ಕಿ ನಮ್ಮ ಕುಸುಬಲಕ್ಕಿಯ ಜಾತಿ, ಮೂರು ಲೋಟಕ್ಕೆ ಒಂದು ಲೋಟ ಉದ್ದಿನಬೇಳೆ ಹಾಕಿದರೆ ಇಡ್ಲಿಗೆ ಸಾಕು. ಚಳಿಗಾಲದಲ್ಲಿ ಹಿಟ್ಟು ಹುದುಗದಿದ್ದರೆ ಓವನ್ ಉರಿಸದೆ ಅದರ ಲೈಟ್ ಮಾತ್ರ ಹಾಕಿ ಒಳಗಿಡಿ. ನಲ್ಲಿ ನೀರು ಗಡಸು, ತೊಗರಿಬೇಳೆ ಬೇಯಲು ತಡ, ಊರಿಂದ ಕುಕ್ಕರ್ ತರುವುದೇ ಮೇಲು. ಆದರೆ ಹೊಸ ಮನೆಗಳಲ್ಲಿ ಇಂಡಕ್ಷನ್ ಒಲೆ ಹೆಚ್ಚು, ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ. ಕೊಳ್ಳುವಾಗ ತಳಕ್ಕೊಂದು ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಮಾತ್ರ ಪೆಟ್ಟಿಗೆಗೆ ಹಾಕಿ. ಗ್ಯಾಸ್ಕೆಟ್ ಎರಡು ಹೆಚ್ಚಿಗೇ ಇರಲಿ.