ಹೆಸರು ಬರೆಯುವ ಮೊದಲು ಇನ್ನೊಂದಿಷ್ಟು ಕೋಶ

ಬೆಳಗಾವಿಯ ಒಂದು ಲ್ಯಾಬಿನಲ್ಲಿ ಕ್ರೋಮೋಸೋಮ್ (ವರ್ಣತಂತು) ನೋಡುವುದು ನನ್ನ ಕೆಲಸ. ಗೋಕಾಕ, ಜಮಖಂಡಿ, ಬಾಗಲಕೋಟೆ ಕಡೆಯಿಂದ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ರಕ್ತ ಬರುತ್ತದೆ. ಅದರಲ್ಲಿ ಮಕ್ಕಳಾಗದ ದಂಪತಿಗಳದ್ದೇ ಜಾಸ್ತಿ. ರಕ್ತವನ್ನು 72 ಗಂಟೆ ಬೆಳೆಸುತ್ತೇವೆ, ಸ್ಲೈಡ್ ಮಾಡಿ ಜೀಮ್ಸಾ ಬಣ್ಣ ಹಾಕುತ್ತೇವೆ. ಇದೆಲ್ಲ ಕೆಲವು ತಿಂಗಳಲ್ಲಿ ಕೈಗೆ ಕೂಡುತ್ತದೆ. ಕಷ್ಟ ಇರುವುದು ವರದಿಯ ಒಂದು ಸಾಲಿನಲ್ಲಿ. ಕಂಡದ್ದಕ್ಕೆ ಹೆಸರಿಡುವ ಸಾಲು ಅದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರ ರಕ್ತ ಬಂತು. ಅವರ ವೀರ್ಯದಲ್ಲಿ ಒಂದೂ ವೀರ್ಯಾಣು ಇರಲಿಲ್ಲ. ವೈ ಕ್ರೋಮೋಸೋಮ್ ಚಿಕ್ಕದಾಗಿ ಕಂಡಿತು. ಸಿ-ಬ್ಯಾಂಡಿಂಗ್ ಎಂಬ ಇನ್ನೊಂದು ಬಗೆಯ ಬಣ್ಣ ಹಾಕಿದರೆ ವೈನ ಉದ್ದ ತೋಳಿನ ತುದಿ ಕಪ್ಪಗೆ ಎದ್ದು ಕಾಣಬೇಕು. ಇವರಲ್ಲಿ ಆ ಕಪ್ಪು ಇರಲೇ ಇಲ್ಲ. ತುದಿ ಮುರಿದು ಹೋಗಿದೆ ಅಂದುಕೊಂಡು 'ಡೆಲ್(ವೈ)(ಕ್ಯೂ11.2)' ಎಂದು ಬರೆದೆ. ಕ್ಯೂ ಎಂದರೆ ಉದ್ದ ತೋಳು, 11.2 ಅದರ ಮೇಲಿನ ಒಂದು ಜಾಗ. ಉದ್ದ ತೋಳು ಆ ಜಾಗದಿಂದ ಆಚೆಗೆ ಇಲ್ಲ ಎಂದು ಅದರ ಅರ್ಥ.

ಹಿರಿಯರು ನನ್ನ ಎಣಿಕೆಯ ಹಾಳೆ ನೋಡಿದರು. "ಎಷ್ಟು ಸೆಲ್ ನೋಡೀರಿ?"

"ಇಪ್ಪತ್ತು ಸರ್."

"ಇದರಾಗ ಎರಡಕ್ಕ ವೈ ಇಲ್ಲ ಅಂತ ನೀವ ಬರದೀರಿ. ಅದನ್ನ ಯಾಕ ಬಿಟ್ರಿ?"

ಸ್ಲೈಡ್ ಮಾಡುವಾಗ ವೈ ಚದುರಿ ಹೋಗಿರಬಹುದು ಅಂತ ಸುಮ್ನೆ ಬಿಟ್ಟಿದ್ದೆ. ಅವರು 50 ಕೋಶ ನೋಡಲು ಹೇಳಿದರು. ಏಳರಲ್ಲಿ ವೈ ಇರಲಿಲ್ಲ, ಒಂದೇ ಎಕ್ಸ್ ಇತ್ತು, ಒಟ್ಟು 46ರ ಬದಲು 45. ಕಾಣೆಯಾದದ್ದು ಪ್ರತಿ ಸಲವೂ ವೈ ಒಂದೇ. ಹೀಗಿದ್ದರೆ ಅದು ಸ್ಲೈಡಿನ ದೋಷವಲ್ಲ. ಆ ವೈ ಕೋಶದೊಳಗೆ ನಿಲ್ಲಲಾರದೆ ಬಿದ್ದು ಹೋಗುತ್ತಿದೆ.

ಬೇಕಾದ ಜೀನ್ ಇರುವ ಜಾಗವನ್ನು ಹೊಳೆಯುವ ಚುಕ್ಕೆಯಾಗಿ ತೋರಿಸುವ ಫಿಶ್ ಪರೀಕ್ಷೆ ಮಾಡಿಸಿದೆವು. ಗಂಡು ಭ್ರೂಣದಲ್ಲಿ ವೃಷಣ ಬೆಳೆಯಲು ಚಾಲನೆ ಕೊಡುವ ಎಸ್‌ಆರ್‌ವೈ ಜೀನ್ ಗಿಡ್ಡ ತೋಳಿನಲ್ಲಿರುತ್ತದೆ, ಒಂದೇ ಚುಕ್ಕೆ ಕಾಣಬೇಕು. ಇಲ್ಲಿ ಎರಡು ತುದಿಗೂ ಒಂದೊಂದು ಚುಕ್ಕೆ ಇತ್ತು. ಕೋಶ ಎರಡಾಗುವಾಗ ಕ್ರೋಮೋಸೋಮನ್ನು ಹಿಡಿದು ಎಳೆಯುವ ಜಾಗವಾದ ಸೆಂಟ್ರೋಮಿಯರ್ ಕೂಡ ಎರಡು. ಅಂದರೆ ಇದು ತುದಿ ಮುರಿದ ವೈ ಅಲ್ಲ. ಉದ್ದ ತೋಳಿನಲ್ಲಿ ಮುರಿದ ಎರಡು ತುಂಡುಗಳು ಮುರಿದ ಬಾಯಿಗೆ ಬಾಯಿ ಕೂಡಿ ಅಂಟಿಕೊಂಡಿದ್ದವು. ಎರಡರಲ್ಲಿ ಒಂದು ಸೆಂಟ್ರೋಮಿಯರ್ ಮಲಗಿಬಿಟ್ಟಿದ್ದರಿಂದ ನನ್ನ ಕಣ್ಣಿಗೆ ಒಂದೇ ಕಂಡಿತ್ತು. ಎರಡೂ ಎಚ್ಚರವಾಗಿದ್ದರೆ ಒಂದೇ ಹಗ್ಗವನ್ನು ಎರಡು ಎತ್ತು ಎರಡು ಕಡೆಗೆ ಜಗ್ಗಿದ ಹಾಗೆ. ಕೋಶ ಎರಡಾಗುವಾಗ ವೈ ಹರಿಯುತ್ತದೆ, ಇಲ್ಲವೇ ಕಳೆದು ಹೋಗುತ್ತದೆ.

ಸರಿಯಾದ ಹೆಸರು '46,ಎಕ್ಸ್,ಐಡಿಕ್(ವೈ)(ಕ್ಯೂ11.2)', ಜೊತೆಗೆ 45,ಎಕ್ಸ್ ಕೋಶಗಳ ಎಣಿಕೆ. ಐಡಿಕ್ ಎಂದರೆ ಹೀಗೆ ಒಂದೇ ಥರದ ಎರಡು ತುಂಡು ಕೂಡಿ ಎರಡು ಸೆಂಟ್ರೋಮಿಯರ್ ಇರುವಂಥದು. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಹೆಸರಿನಲ್ಲಿ ಕ್ಯೂ ಇದೆ, ಹಾಗಾಗಿ ಉದ್ದ ತೋಳು ಎರಡಾಗಿದೆ ಎಂದು ಓದುತ್ತಾರೆ. ಅಲ್ಲ. ಕ್ಯೂ11.2 ಎಂದರೆ ಎರಡು ತುಂಡು ಕೂಡಿದ ಜಾಗ ಅಷ್ಟೇ. ಎರಡಾಗಿರುವುದು ಗಿಡ್ಡ ತೋಳಿನ ತುದಿಯಿಂದ ಆ ಜಾಗದವರೆಗಿನ ಭಾಗ. ಆಚೆಗಿನದು ಪೂರ್ತಿ ಹೋಗಿದೆ. 'ಐ(ವೈ)(ಕ್ಯೂ10)' ಬೇರೆಯೇ ಮಾತು. ಅಲ್ಲಿ ನಿಜವಾಗಿ ಉದ್ದ ತೋಳು ಎರಡು, ಗಿಡ್ಡ ತೋಳು ಇಲ್ಲ, ಎಸ್‌ಆರ್‌ವೈ ಕೂಡ ಇಲ್ಲ. ನನಗೆ ಇದು ಹಾಳೆಯ ಮೇಲೆ ಚಿತ್ರ ಬರೆದ ಮೇಲೆಯೇ ತಿಳಿದದ್ದು. ಇವತ್ತಿಗೂ ಮೊದಲು ಚಿತ್ರ, ಆಮೇಲೆ ಹೆಸರು.

ವೈನಲ್ಲೇ ಇದು ಯಾಕೆ ಆಗುತ್ತದೆ? 'ವಿಕಟಕವಿ' ಎಂಬ ಪದ ನೆನಪಿಸಿಕೊಳ್ಳಿ. ಹಿಂದೆ ಮುಂದೆ ಹೇಗೆ ಓದಿದರೂ ಒಂದೇ. ವೈನ ಉದ್ದ ತೋಳಿನಲ್ಲಿ ಅಂಥ ದೊಡ್ಡ ತುಣುಕುಗಳಿವೆ. ಪಿ1 ಎಂಬುದು ಸುಮಾರು 29 ಲಕ್ಷ ಡಿಎನ್‌ಎ ಅಕ್ಷರಗಳಷ್ಟು ಉದ್ದ, ಅದರ ಎರಡು ಅರ್ಧಗಳು ಶೇ. 99.97ರಷ್ಟು ಒಂದೇ. ಇಲ್ಲಿ ಡಿಎನ್‌ಎ ಮುರಿದರೆ, ರಿಪೇರಿ ಮಾಡುವಾಗ ಅಕ್ಕಪಕ್ಕದ ಎರಡು ಪ್ರತಿಗಳು ಒಂದಕ್ಕೊಂದು ಅಂಟಿಕೊಳ್ಳುವುದು ಸುಲಭ.

ವರದಿ ಬರುವ ಮೊದಲೇ ಆ ದಂಪತಿಗೆ ಬೇರೆ ಊರಿನ ಒಂದು ಕಡೆ ವೃಷಣದಿಂದ ವೀರ್ಯಾಣು ತೆಗೆಯುವ ಆಪರೇಷನ್‌ಗೆ ದಿನ ಕೊಟ್ಟಿದ್ದರು. ನಾವು ಪಿಸಿಆರ್ ಮಾಡಿ, ವೀರ್ಯಾಣು ಆಗಲು ಬೇಕಾದ ವೈನ ಉದ್ದ ತೋಳಿನ ಎ, ಬಿ, ಸಿ ಎಂಬ ಎಝಡ್‌ಎಫ್ ಭಾಗಗಳನ್ನು ನೋಡಿದೆವು. ಎ ಇತ್ತು, ಬಿ ಮತ್ತು ಸಿ ಎರಡೂ ಇರಲಿಲ್ಲ. ಸಿ ಒಂದೇ ಹೋಗಿದ್ದರೆ ವೀರ್ಯಾಣು ಸಿಗುವ ಆಸೆ ಇರುತ್ತದೆ. ಬಿ ಪೂರ್ತಿ ಹೋದರೆ ಆಸೆ ಇಲ್ಲವೆಂದೇ ಹೇಳಬೇಕು. ಅವರು ಹಣ ಹೊಂದಿಸಲು ಎಮ್ಮೆ ಮಾರುವವರಿದ್ದರು. ಆಪರೇಷನ್ ಬಿಟ್ಟರು.

ಗಂಡ ಕೇಳಿದರು: "ಮೇಡಂ, ಇದು ನಮ್ಮಪ್ಪನಿಂದ ಬಂದದ್ದೇನ್ರೀ?" ಇಲ್ಲ, ಇದು ಹೆಚ್ಚಾಗಿ ಹೊಸದಾಗಿಯೇ ಆಗುವಂಥದು ಎಂದೆ. ಜೊತೆಗೆ ಬಂದಿದ್ದ ಅತ್ತೆಯವರಿಗೆ ಇನ್ನೊಂದು ಮಾತೂ ಹೇಳಬೇಕಿತ್ತು. "ಅವ್ವಾರ, ವೈ ಇರೋದು ಗಂಡಸರಾಗ ಅಷ್ಟ. ಇದರಾಗ ನಿಮ್ಮ ಸೊಸಿದು ಏನೂ ಇಲ್ಲ." ಸೊಸೆ ತಲೆ ಎತ್ತಿ ನನ್ನನ್ನೇ ನೋಡಿದರು. ಏನೂ ಮಾತಾಡಲಿಲ್ಲ.

ಎಲ್ಲ ಬದಲಾವಣೆಯೂ ಕಾಯಿಲೆಯಲ್ಲ. ವಿಜಯಪುರದ ಒಬ್ಬ ಹುಡುಗ 'ಇನ್ವ್(ವೈ)(ಪಿ11.2ಕ್ಯೂ11.2)' ಎಂದಿದ್ದ ಕಾಗದ ಹಿಡಿದುಕೊಂಡು ಹೆದರಿ ಬಂದಿದ್ದ. ಮಧ್ಯದ ತುಂಡು ತಿರುಗಿ ಕೂತಿದೆ ಅಷ್ಟೇ, ಏನೂ ಕಳೆದಿಲ್ಲ. ಅವನ ಅಪ್ಪನ ರಕ್ತ ನೋಡಿದೆವು, ಅಲ್ಲೂ ಅದೇ. ಅಪ್ಪನಿಗೆ ಮೂರು ಮಕ್ಕಳು.

ಆಗಿನಿಂದ ಹೆಸರಿನ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇನೆ: ಏನು ಇದೆ, ಏನು ಇಲ್ಲ, ಮುಂದೆ ಯಾರನ್ನು ಕಾಣಬೇಕು. ಹೆಸರಿಗಿಂತ ಆ ಎರಡು ಸಾಲಿಗೇ ನನಗೆ ಜಾಸ್ತಿ ಹೊತ್ತು ಹಿಡಿಯುತ್ತದೆ.